ನಿಮ್ಮಲ್ಲಿ ಅಲ್ಲ, ನಿಮ್ಮ ಮನೆಯಲ್ಲಿ

(ಹೆಸರು, ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರು ಹುಡುಗರ ಮನೆಯವರೂ ಓದಿ ಒಪ್ಪಿದ್ದಾರೆ.)

2022ರ ಜುಲೈನಲ್ಲಿ ಒಬ್ಬ ತಾಯಿ, ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಮಗನನ್ನು ಕರೆದುಕೊಂಡು ಬಂದರು. ಅವನನ್ನು ಸಮೀರ್ ಎಂದು ಕರೆಯೋಣ. ಒಂಬತ್ತನೇ ತರಗತಿ. ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಅನುದಾನಿತ ಶಾಲೆ. ಬೆಳಿಗ್ಗೆ ಬ್ಯಾಗ್ ಹೆಗಲಿಗೆ ಹಾಕುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಭಾನುವಾರ ಇಲ್ಲ. ಸ್ಕ್ಯಾನಿಂಗ್‌ನಲ್ಲೂ ಏನೂ ಸಿಕ್ಕಿರಲಿಲ್ಲ. ಎರಡು ತಿಂಗಳಲ್ಲಿ ಹನ್ನೊಂದು ದಿನ ಶಾಲೆ ತಪ್ಪಿಸಿದ್ದ.

"ನಾಟಕ ಮಾಡ್ತಾನೆ ಅಂತಾರೆ ಅವರ ಅಬ್ಬಾ. ನಂಗೆ ಹಾಗನ್ಸಲ್ಲ ಮೇಡಂ" ಎಂದರು ತಾಯಿ.

ನನಗೂ ಹಾಗನಿಸಲಿಲ್ಲ. ಬಾಯಿಗೆ ಬಾರದ ಮಾತು ಎಷ್ಟೋ ಮಕ್ಕಳಿಗೆ ಹೊಟ್ಟೆಯಲ್ಲಿ ಕೂರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಕಾಣದಿದ್ದರೂ ಆ ನೋವು ನಿಜವಾದದ್ದೇ. ತಂದೆಗೆ ಅವತ್ತೇ ಫೋನ್ ಮಾಡಿ ಇದನ್ನು ಹೇಳಿದೆ.

ಮೊದಲ ಭೇಟಿಯಲ್ಲಿ ಹುಡುಗ ಹೆಚ್ಚು ಮಾತಾಡಲಿಲ್ಲ. ಶುಕ್ರವಾರ ರಜೆ ಜಾಸ್ತಿ ಎಂದು ಹಾಜರಿ ನೋಡಿ ಗೊತ್ತಾಗಿತ್ತು. ಹಾಗಾಗಿ ಕೇಳಿದೆ: "ಶುಕ್ರವಾರ ನಿಮ್ಮಲ್ಲಿ ನಮಾಜ್ ಇರುತ್ತಲ್ವಾ, ಅದಕ್ಕಾ?" ಅವನು ತಲೆ ತಗ್ಗಿಸಿದ. ಆಮೇಲೆ ಮಾತೇ ನಿಂತುಹೋಯಿತು.

ಎರಡನೇ ಭೇಟಿಯಲ್ಲಿ ಅವನೇ ಹೇಳಿದ. "ನೀವೂ ನಿಮ್ಮಲ್ಲಿ ಅಂದ್ರಿ ಮೇಡಂ." ಶುಕ್ರವಾರ ಕೊನೆಯ ಎರಡು ಪೀರಿಯಡ್ ಸಮಾಜ ವಿಜ್ಞಾನವಂತೆ. ಸರ್ ಒಳ್ಳೆಯವರು, ಅವನಿಗೆ ಅವರೆಂದರೆ ಇಷ್ಟ. ಆದರೆ ಪಾಠದಲ್ಲಿ ಎಲ್ಲಿ ಇಸ್ಲಾಂ ಬಂದರೂ, ಹಬ್ಬ ಬಂದರೂ, ಊಟದ ವಿಷಯ ಬಂದರೂ ಅವನ ಕಡೆ ತಿರುಗುತ್ತಿದ್ದರು. "ಸಮೀರ್, ನಿಮ್ಮಲ್ಲಿ ಹೇಗೆ, ಹೇಳಪ್ಪ." ನಲವತ್ತು ಮಕ್ಕಳ ಕಣ್ಣು ಅವನ ಮೇಲೆ. "ನಂಗೆ ಗೊತ್ತಿರಲ್ಲ ಮೇಡಂ. ನಮ್ಮಜ್ಜನಿಗೆ ಗೊತ್ತಿರುತ್ತೆ. ತಪ್ಪು ಹೇಳಿದ್ರೆ ಪಾಪ ಅಂತ ಭಯ. ಹೇಳ್ದೆ ಇದ್ರೆ ಸರ್‌ಗೆ ಬೇಜಾರು."

ಸ್ಕೂಲ್ ಡೇ ಕಥೆಯೂ ಹೊರಗೆ ಬಂತು. ಕೊರೊನಾಗಿಂತ ಮುಂಚೆ ಎರಡು ವರ್ಷವೂ ಅವನಿಗೆ ಒಂದೇ ಪಾತ್ರ. ಒಬ್ಬ ಸ್ವಾಮೀಜಿ, ಒಬ್ಬ ಪಾದ್ರಿ, ಟೋಪಿ ಹಾಕಿ ಅಂಟಿಸಿದ ಗಡ್ಡದ ಇವನು. ಮೂವರೂ ಕೈ ಹಿಡಿದು ನಿಲ್ಲಬೇಕು, ಹಿಂದೆ ಹಾಡು. "ನಂಗೆ ಡ್ಯಾನ್ಸ್ ಗ್ರೂಪಲ್ಲಿ ಇರಬೇಕಿತ್ತು" ಎಂದ. ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಎಷ್ಟು ಶಾಲೆಗಳಲ್ಲಿ ಈ ದೃಶ್ಯಕ್ಕೆ ನಾವೆಲ್ಲ ಚಪ್ಪಾಳೆ ತಟ್ಟಿಲ್ಲ? ಆ ಟೋಪಿ ಯಾರ ತಲೆಗೆ, ಯಾಕೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ಇಷ್ಟನ್ನು ಅವನು ಹೇಗೋ ಸಹಿಸಿಕೊಂಡಿದ್ದ. ಸಹಿಸಲಾಗದ ಹಾಗೆ ಆದದ್ದು ಅದೇ ವರ್ಷದ ಆರಂಭದಲ್ಲಿ. ಹಿಜಾಬ್ ವಿವಾದದ ನಡುವೆ ಫೆಬ್ರುವರಿ 5ರಂದು ಸರ್ಕಾರದ ಸಮವಸ್ತ್ರ ಆದೇಶ ಬಂತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. (ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು.) ಯಾರ ವಾದ ಸರಿ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಸಮೀರನ ಅಕ್ಕ ಆಗ ಪಿಯುಸಿಯಲ್ಲಿದ್ದಳು. ಮನೆಯಲ್ಲಿ ದಿನಾ ಅದೇ ಮಾತು. ಶಾಲೆಗೆ ಬಂದರೆ, "ನಿಮ್ಮಲ್ಲಿ ಯಾಕೆ ಹಾಗೆ ಹಠ ಮಾಡ್ತಾರೆ?" ಎಂಬ ಪ್ರಶ್ನೆ. ಹದಿಮೂರು ವರ್ಷದ ಹುಡುಗ ಒಂದಿಡೀ ಸಮುದಾಯದ ಪರವಾಗಿ ಉತ್ತರ ಕೊಡಬೇಕಿತ್ತು.

ಆಗಲೇ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ಚಿತ್ರ ಬಂತು. ಅವನ ಅಕ್ಕನಂಥ ಹುಡುಗಿಯರನ್ನು ಅಣಕಿಸುವ ಚಿತ್ರ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಮನೆಮನೆಗೆ ಬಂದ ಫೋನುಗಳು. ಮೇಷ್ಟ್ರಿಲ್ಲದ ಗ್ರೂಪೊಂದನ್ನು ಮಕ್ಕಳೇ ಮಾಡಿಕೊಂಡಿದ್ದರು. ಚಿತ್ರ ಕಳಿಸಿದವನು ನಾಗರಾಜ. ಐದನೇ ತರಗತಿಯಿಂದ ಇವನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಅವನ ಮನೆಯ ಚಿತ್ರಾನ್ನಕ್ಕೆ ಇವನು ಕಾಯುತ್ತಿದ್ದ. ಇವನ ಮನೆಯ ಶೀರ್‌ಕುರ್ಮಾಕ್ಕೆ ಅವನು ಕಾಯುತ್ತಿದ್ದ. ಸಮೀರ್ ಜಗಳ ಮಾಡಲಿಲ್ಲ, ಬೈಯಲೂ ಇಲ್ಲ. ಮೇ ತಿಂಗಳಲ್ಲಿ ಹೊಸ ತರಗತಿ ಶುರುವಾದಾಗ ಸುಮ್ನೆ ಕೊನೆಯ ಬೆಂಚಿಗೆ ಹೋಗಿ ಕೂತ. ಹೊಟ್ಟೆನೋವು ಅಲ್ಲಿಂದ ಶುರು.

ಮನೆಯವರ ಒಪ್ಪಿಗೆ ಪಡೆದು ನಾಗರಾಜನನ್ನೂ ಭೇಟಿಯಾದೆ. ಅವನು ಕೂತ ಕೂಡಲೇ ಅತ್ತ. "ಎಲ್ರೂ ಕಳಿಸ್ತಿದ್ರು. ನಾನೂ ಕಳಿಸ್ದೆ. ಅವನ ಅಕ್ಕ ನೆನಪಾಗ್ಲೇ ಇಲ್ಲ ಮೇಡಂ." ಈ ಮಾತನ್ನು ನಾನು ನಂಬುತ್ತೇನೆ. ಅದು ಅವನ ತಪ್ಪನ್ನು ಚಿಕ್ಕದು ಮಾಡುವುದಿಲ್ಲ. ಒಂದು ಗುಂಪಿನ ಚಿತ್ರ ಕಣ್ಣಿಗೆ ತುಂಬಿಕೊಂಡರೆ ಪಕ್ಕದ ಬೆಂಚಿನವನ ಅಕ್ಕನೇ ಮರೆತುಹೋಗುತ್ತಾಳೆ. ಸಮೀರನ ಬಗ್ಗೆ ನಿನಗೆ ಏನಾದರೂ ಕೇಳಬೇಕು ಅನಿಸಿದೆಯಾ ಎಂದೆ. ಬಹಳ ಹೊತ್ತು ಯೋಚಿಸಿ, "ಉಪವಾಸ ಇದ್ದಾಗ ಉಗುಳು ನುಂಗಬಹುದಾ ಅಂತ" ಎಂದ. ನಾಲ್ಕು ವರ್ಷದಿಂದ ಇದ್ದ ಪ್ರಶ್ನೆಯಂತೆ. ಕೇಳಿದರೆ ಬೇಜಾರಾಗುತ್ತಾನೇನೋ ಎಂದು ಕೇಳಿರಲಿಲ್ಲ. ಅಣಕದ ಚಿತ್ರ ಕಳಿಸಲು ಹೆದರದ ಮಗು ಒಂದು ಮುಗ್ಧ ಪ್ರಶ್ನೆ ಕೇಳಲು ಹೆದರಿತ್ತು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ನೋವಾದದ್ದು ಇಲ್ಲೇ.

ಸಮೀರನಿಗೆ ಮೊದಲು ಹೇಳಿದ್ದು ಇಷ್ಟು: ನೀನು ನಿನ್ನ ಧರ್ಮದ ವಕೀಲನಲ್ಲ. "ನಂಗೆ ಗೊತ್ತಿಲ್ಲ" ಅನ್ನುವುದು ಪಾಪವೂ ಅಲ್ಲ, ಅವಮಾನವೂ ಅಲ್ಲ. ಆಮೇಲೆ ಒಂದು ವಾಕ್ಯವನ್ನು ಕೂತು ಅಭ್ಯಾಸ ಮಾಡಿದೆವು. "ನಮ್ಮನೇಲಿ ಹೀಗೆ ಮಾಡ್ತೀವಿ. ಬೇರೆಯವರು ಹೇಗೆ ಮಾಡ್ತಾರೋ ಗೊತ್ತಿಲ್ಲ." ನಾನು ಮೇಷ್ಟ್ರಾಗಿ ಕೇಳುವುದು, ಅವನು ಉತ್ತರ ಕೊಡುವುದು. ಹತ್ತು ಸಲ ಆಯಿತು. ನಿಮ್ಮಲ್ಲಿ ಅಂದರೆ ಲಕ್ಷಾಂತರ ಜನ. ನಿಮ್ಮ ಮನೆಯಲ್ಲಿ ಅಂದರೆ ಅಮ್ಮಿ, ಅಬ್ಬಾ, ಅಕ್ಕ, ಅಜ್ಜ. ಅಷ್ಟು ಜನರ ಬಗ್ಗೆ ಒಂದು ಮಗು ಧೈರ್ಯವಾಗಿ ಮಾತಾಡಬಲ್ಲದು. ಶಾಲೆಗೆ ಮೊದಲ ವಾರ ಅರ್ಧ ದಿನ ಹೋಗಲಿ, ಶುಕ್ರವಾರ ಪೂರ್ತಿ ಇರಲಿ ಎಂದು ಗೊತ್ತುಮಾಡಿದೆವು. ಭಯದ ಜಾಗವನ್ನು ಪೂರ್ತಿ ಬಿಟ್ಟರೆ ಭಯ ಬೆಳೆಯುತ್ತದೆ.

ತಂದೆಗೆ ಒಂದೇ ಮಾತು ಕೇಳಿಕೊಂಡೆ. "ತಲೆ ತಗ್ಗಿಸಿ ಓದು, ಯಾರ ಉಸಾಬರಿಗೂ ಹೋಗಬೇಡ" ಎಂದು ಅವರು ಹೇಳುತ್ತಿದ್ದದ್ದು ಪ್ರೀತಿಯಿಂದಲೇ. ಆದರೆ ಮಗನ ಕಿವಿಗೆ ಅದು, ನಿನ್ನ ನೋವನ್ನು ಇಲ್ಲಿಗೂ ತರಬೇಡ ಎಂದು ಕೇಳಿಸುತ್ತಿತ್ತು. ದಿನಾ ಹತ್ತು ನಿಮಿಷ ಅವನ ಮಾತು ಕೇಳಿ, ಬುದ್ಧಿ ಹೇಳಬೇಡಿ ಎಂದೆ. ಮಾಡಿದರು.

ನಾಗರಾಜನ ಕ್ಷಮೆಯ ವಿಷಯದಲ್ಲಿ ಶಾಲೆ ಆತುರ ಮಾಡಿತು. ಪ್ರಾರ್ಥನೆಯ ಹೊತ್ತಲ್ಲಿ ಎಲ್ಲರೆದುರು ಕೈ ಕುಲುಕಿಸೋಣ ಎಂದರು. ದಯವಿಟ್ಟು ಬೇಡ ಎಂದೆ. ಅದೂ ಟೋಪಿ-ಗಡ್ಡದ ಸ್ಟೇಜಿನಂಥದ್ದೇ. ತಪ್ಪು ನಡೆದದ್ದು ಗ್ರೂಪಿನಲ್ಲಿ. ಹಾಗಾಗಿ ನಾಗರಾಜ ಅಲ್ಲೇ ಬರೆದ: "ನಾನು ಫೆಬ್ರುವರಿಯಲ್ಲಿ ಕಳಿಸಿದ ಚಿತ್ರ ತಪ್ಪು. ಸಮೀರನ ಅಕ್ಕನಿಗೆ ನೋವಾಗುತ್ತೆ ಅಂತ ಯೋಚಿಸಲಿಲ್ಲ. ಸಾರಿ." ಕ್ಷಮಿಸುವುದು, ಬಿಡುವುದು ಸಮೀರನಿಗೆ ಬಿಟ್ಟದ್ದು ಎಂದು ಇಬ್ಬರಿಗೂ ಹೇಳಿದೆ.

ಇನ್ನು ಮೇಷ್ಟ್ರು. ಅವರು ನನ್ನ ಮಾತು ಕೇಳಿ ಬಹಳ ನೊಂದುಕೊಂಡರು. "ಅವನಿಗೆ ಗೌರವ ಕೊಡ್ಬೇಕು ಅಂತಲೇ ಕೇಳ್ತಿದ್ದೆ ಮೇಡಂ." ಅದು ನಿಜ. ಅವರ ಇನ್ನೊಂದು ಹೆದರಿಕೆ ಬೇರೆ ಇತ್ತು. ಕ್ಲಾಸಿನಲ್ಲಿ ಧರ್ಮದ ಮಾತೆತ್ತಿದರೆ ಯಾರಾದರೂ ಗೇಟಿನ ಹತ್ತಿರ ಬಂದು ಗಲಾಟೆ ಮಾಡಿದರೆ? ಕೇಸು ಹಾಕಿದರೆ? ಈ ಭಯ ನಾನು ಕಂಡ ಎಷ್ಟೋ ಶಿಕ್ಷಕರಲ್ಲಿದೆ. ಅದಕ್ಕೆ ಕಾನೂನನ್ನು ಬಿಡಿಸಿ ಹೇಳಿದೆ. ಸಂವಿಧಾನದ 28ನೇ ವಿಧಿ ಹೇಳುವುದು, ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ ಎಂದು. ಅನುದಾನಿತ ಶಾಲೆಯಲ್ಲಿ ಅಂಥ ಬೋಧನೆಗೆ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಕೂರಿಸುವಂತಿಲ್ಲ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. 1964–66ರ ಕೊಠಾರಿ ಶಿಕ್ಷಣ ಆಯೋಗವೇ ಈ ಗೆರೆ ಎಳೆದಿದೆ. 2002ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಧರ್ಮಗಳ ಬಗ್ಗೆ ಓದಿಸುವುದಕ್ಕೆ 28ನೇ ವಿಧಿಯ ಅಡ್ಡಿಯಿಲ್ಲ ಎಂದಿದೆ.

ಹಾಗಾದರೆ ಏನು ಮಾಡಲಿ ಎಂದರು. ಪ್ರಶ್ನೆ ಕೇಳುವುದಾದರೆ ಎಲ್ಲರಿಗೂ ಕೇಳಿ ಎಂದೆ. ನಿಮ್ಮ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಏನು ಮಾಡುತ್ತೀರಿ? ಹಬ್ಬದ ದಿನ ಮೊದಲು ಯಾರಿಗೆ ಬಡಿಸುತ್ತೀರಿ? ಆಗಸ್ಟ್‌ನಲ್ಲಿ ಹಾಗೆ ಕೇಳಿದಾಗ ಅವರಿಗೇ ಆಶ್ಚರ್ಯವಾಯಿತು. ಹಿಂದೂ ಮಕ್ಕಳಲ್ಲೇ ಹೂಳುವವರು, ಸುಡುವವರು ಎರಡೂ ಇದ್ದರು. "ನಮ್ಮಲ್ಲಿ" ಅನ್ನುವುದು ಅವರಲ್ಲೇ ಎಲ್ಲರಿಗೂ ಒಂದೇ ಆಗಿರಲಿಲ್ಲ. ಜೊತೆಗೆ ಒಂದು ಪ್ರಶ್ನೆಪೆಟ್ಟಿಗೆ ಇಟ್ಟರು. ಹೆಸರಿಲ್ಲದ ಚೀಟಿ. ವಾರಕ್ಕೊಮ್ಮೆ ಸರ್ ಓದಿ, ಗೊತ್ತಿದ್ದರೆ ಹೇಳುತ್ತಾರೆ. ಗೊತ್ತಿಲ್ಲದಿದ್ದರೆ ತಿಳಿದುಕೊಂಡು ಬರುತ್ತಾರೆ. ಅಣಕದ ಚೀಟಿಗಳೂ ಬಂದವು. ಅವನ್ನು ಮುಚ್ಚಿಡದೆ, ಇದು ಪ್ರಶ್ನೆಯಲ್ಲ, ಯಾಕೆ ಹೇಳಿ ಎಂದು ಮಕ್ಕಳಿಗೇ ಕೇಳಿದರು. ನನಗೆ ಹೊಳೆಯದಿದ್ದ ದಾರಿ ಅದು.

ಒಂದೇ ಬೆಂಚಿನಲ್ಲಿ ಕೂರಿಸಿದರೆ ಸಾಲದು ಎಂಬುದು ನಮ್ಮ ಕ್ಷೇತ್ರದಲ್ಲಿ ಹಳೆಯ ತಿಳಿವಳಿಕೆ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗೆ ತಂದಾಗ ಹೊಡೆದಾಟಗಳಾದವು. ಮನೋವಿಜ್ಞಾನಿ ಎಲಿಯಟ್ ಆರನ್ಸನ್ ಪಾಠವನ್ನು ತುಂಡು ಮಾಡಿ ಒಂದೊಂದು ಮಗುವಿಗೆ ಒಂದೊಂದು ತುಂಡು ಕೊಟ್ಟರು. ಇನ್ನೊಬ್ಬನ ಮಾತು ಕೇಳದೆ ಪಾಠ ಪೂರ್ತಿಯಾಗುವುದಿಲ್ಲ. ಸರ್ ಸಂವಿಧಾನದ ಪಾಠವನ್ನು ಹೀಗೆ ಹಂಚಿದರು. ಸಮೀರನಿಗೆ ಮೂಲಭೂತ ಕರ್ತವ್ಯಗಳ ಭಾಗ. ಬೇಕೆಂದೇ ಧರ್ಮಕ್ಕೆ ಸಂಬಂಧವಿಲ್ಲದ ಭಾಗ. ಅವನ ಮಾತಿಗೆ ಉಳಿದ ನಾಲ್ವರು ಕಾಯಬೇಕಾಯಿತು.

ಡಿಸೆಂಬರಿನಲ್ಲಿ ನಾಗರಾಜನ ಅಪ್ಪ ಅಯ್ಯಪ್ಪ ಮಾಲೆ ಹಾಕಿದರು. ಶಬರಿಮಲೆಗೆ ಹೋಗುವಾಗ ಎರುಮೇಲಿಯಲ್ಲಿ, ಅಯ್ಯಪ್ಪನ ಮುಸ್ಲಿಂ ಗೆಳೆಯ ಎಂದು ಕಥೆ ಹೇಳುವ ವಾವರನ ಮಸೀದಿಗೂ ಹೋಗಿದ್ದರು. ಆ ಫೋಟೊ ನೋಡಿ ಮುಖ್ಯೋಪಾಧ್ಯಾಯರು ಇದನ್ನೇ ಮಕ್ಕಳಿಗೆ ಹೇಳಿ ಎಲ್ಲ ಮುಗಿಸೋಣ ಎಂದರು. ಕಥೆ ಹೇಳಿ, ಖಂಡಿತ ಹೇಳಿ. ಆದರೆ ಅಕ್ಕನನ್ನು ಅಣಕಿಸಿದ ನೋವಿಗೆ ಅದು ಮುಲಾಮಲ್ಲ ಎಂದೆ.

2023ರ ಮಾರ್ಚ್ ಕೊನೆಗೆ ಸಮೀರ್ ಮತ್ತೆ ಬಂದ. ಪರೀಕ್ಷೆ, ರಂಜಾನ್ ಎರಡೂ ಒಟ್ಟಿಗೆ. ಅಕ್ಟೋಬರಿನಿಂದ ಹೊಟ್ಟೆನೋವು ಎರಡೇ ಸಲ ಬಂದಿತ್ತು. ನಾಗರಾಜನ ಬೆಂಚಿಗೆ ಅವನು ಹೋಗಿಲ್ಲ. ಹೋಗಬೇಕು ಎಂದು ನಾನೂ ಹೇಳಿಲ್ಲ. ಮೊನ್ನೆ ಪರೀಕ್ಷೆ ಮುಗಿಸಿ ಹೊರಬರುವಾಗ ನಾಗ ಓಡಿಬಂದು ಕೇಳಿದನಂತೆ, ಉಗುಳು ನುಂಗಬಹುದಾ ಎಂದು.

"ನೀನೇನಂದೆ?"

"ನಮ್ಮನೇಲಂತೂ ನುಂಗ್ತೀವಿ ಕಣೋ ಅಂದೆ."