ಡಿಆರ್‌ಎಂ ಮುರಿದು ಪ್ರಾಜೆಕ್ಟ್ ಮಾಡಿದರೆ ಕೇಸ್ ಬೀಳುತ್ತಾ?

ಬೆಂಗಳೂರಿನಲ್ಲಿ ಎಂ.ಟೆಕ್ ಓದುತ್ತಿರುವ ನೀವು, ದುಡ್ಡು ಕೊಟ್ಟು ಕೊಂಡ ಇ-ಪುಸ್ತಕದ ಡಿಆರ್‌ಎಂ (ನಕಲು ತಡೆಯುವ ಡಿಜಿಟಲ್ ಬೀಗ), ಅದರೊಳಗಿನ ಎನ್‌ಕ್ರಿಪ್ಷನ್ ಅಂದರೆ ಗುಪ್ತಲಿಪೀಕರಣ ಎಷ್ಟು ಗಟ್ಟಿ ಅಂತ ಪರೀಕ್ಷಿಸಬೇಕು ಅಂತೀರಿ. ಡಿಎಂಸಿಎ ಕೇಸ್ ಬೀಳುತ್ತೆ ಅಂತ ಗೈಡ್ ತಡೆಯುತ್ತಿದ್ದಾರೆ, ಅಲ್ವಾ? ಇದೇ ಊರಲ್ಲಿ ಕ್ರಿಪ್ಟೋಗ್ರಫಿ ಪಾಠ ಮಾಡುವವನಾಗಿ ಹೇಳ್ತೀನಿ, ದಯವಿಟ್ಟು ವಿಷಯ ಬಿಡಬೇಡಿ.

ಡಿಎಂಸಿಎ 1998ರ ಅಮೆರಿಕದ ಕಾಪಿರೈಟ್ ಕಾನೂನು. ನಮ್ಮಲ್ಲಿರುವುದು 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ ಸೆಕ್ಷನ್ 65ಎ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣೆ ಮುರಿದರೆ 2 ವರ್ಷದವರೆಗೆ ಜೈಲು, ಜೊತೆಗೆ ದಂಡ. ಉದ್ದೇಶ ಅನ್ನುವ ಮಾತು ಇಲ್ಲಿ ಬಹಳ ಮುಖ್ಯ. ಅದರ ಮೇಲೆ, ಕಾನೂನುಬದ್ಧವಾಗಿ ಪಡೆದ ಎನ್‌ಕ್ರಿಪ್ಟ್ ಪ್ರತಿ ಇಟ್ಟುಕೊಂಡು ಎನ್‌ಕ್ರಿಪ್ಷನ್ ಸಂಶೋಧನೆಗೆ ಬೇಕಾದ್ದನ್ನು ಮಾಡಬಹುದು ಅಂತ ಅದೇ ಸೆಕ್ಷನ್ ಬಿಡಿಸಿ ಹೇಳುತ್ತದೆ.

ಆದರೂ ನಿಮ್ಮ ಗೈಡ್ ಸುಮ್ನೆ ಹೆದರುತ್ತಿಲ್ಲ. ಅಮೆರಿಕದಲ್ಲೂ ಸಂಶೋಧನೆಗೆ ವಿನಾಯಿತಿ ಇದೆ. ಆದರೆ ಮೊದಲು ಅನುಮತಿ ಕೇಳಲು ಪ್ರಯತ್ನಪಟ್ಟಿರಬೇಕು, ಫಲಿತಾಂಶವನ್ನು ಹೇಗೆ ಹಂಚಿದಿರಿ ಅನ್ನುವುದನ್ನೂ ನೋಡುತ್ತಾರೆ. 2001ರಲ್ಲಿ ಪ್ರಿನ್ಸ್‌ಟನ್‌ನ ಎಡ್ವರ್ಡ್ ಫೆಲ್ಟನ್ ತಂಡ ಸಂಗೀತದ ಫೈಲ್‌ಗಳ ವಾಟರ್‌ಮಾರ್ಕ್ (ಫೈಲ್‌ನೊಳಗೆ ಅಡಗಿಸಿಟ್ಟ ಗುರುತು) ಮುರಿದ ಬಗ್ಗೆ ಪ್ರಬಂಧ ಬರೆದಿತ್ತು. ಮುರಿದು ತೋರಿಸಿ ಅಂತ ಸವಾಲು ಹಾಕಿದ್ದು ಸಂಗೀತ ಉದ್ಯಮದವರ ಕೂಟವೇ! ಕೊನೆಗೆ ರೆಕಾರ್ಡಿಂಗ್ ಕಂಪನಿಗಳ ಸಂಘದಿಂದ ಒಂದು ಎಚ್ಚರಿಕೆ ಪತ್ರ ಬಂತು. ಅಷ್ಟಕ್ಕೇ ತಂಡ ಏಪ್ರಿಲ್‌ನಲ್ಲಿ ಪ್ರಬಂಧ ಹಿಂತೆಗೆದುಕೊಂಡಿತು. ಆಗಸ್ಟ್‌ನಲ್ಲಿ ಬೇರೆ ಸಮ್ಮೇಳನದಲ್ಲಿ ಮಂಡಿಸಿತು. ನಡುವೆ ಜುಲೈನಲ್ಲಿ ರಷ್ಯಾದ ಡಿಮಿಟ್ರಿ ಸ್ಕ್ಲ್ಯಾರೊವ್ ಅಡೋಬಿ ಇ-ಪುಸ್ತಕಗಳ ರಕ್ಷಣೆ ಬಗ್ಗೆ ಲಾಸ್ ವೆಗಾಸ್‌ನಲ್ಲಿ ಮಾತಾಡಿದರು, ಅಲ್ಲೇ ಬಂಧನವಾಯಿತು. ಅವರ ಕಂಪನಿ ಆ ರಕ್ಷಣೆ ತೆಗೆಯುವ ಸಾಫ್ಟ್‌ವೇರ್ ಮಾರುತ್ತಿತ್ತು. 2002ರ ಡಿಸೆಂಬರ್‌ನಲ್ಲಿ ಜ್ಯೂರಿ ಕಂಪನಿಯನ್ನು ನಿರ್ದೋಷಿ ಅಂದಿತು.

ಪುಸ್ತಕ ನಿಮ್ಮ ಹೆಸರಲ್ಲೇ ಕೊಳ್ಳಿ. ಅವತ್ತೇ ಫೈಲ್‌ನ ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಕೇತ) ತೆಗೆದು, ಬಿಲ್ ನಂಬರ್ ಜೊತೆ ಲ್ಯಾಬ್ ಪುಸ್ತಕದಲ್ಲಿ ಬರೆದು ಗೈಡ್ ಸಹಿ ಹಾಕಿಸಿ. ಕೆಲಸವೆಲ್ಲ ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಪ್ರತಿಯ ಮೇಲೆ ಮಾತ್ರ. ಕಂಪನಿಯ ಸರ್ವರ್ ಮುಟ್ಟಿದರೆ ಐಟಿ ಕಾಯ್ದೆ ಬರುತ್ತದೆ, ಅಲ್ಲಿ ಅನುಮತಿ ಬೇಕೇ ಬೇಕು. ರಕ್ಷಣೆ ಬಿಚ್ಚಿದ ಪುಸ್ತಕವನ್ನು ಸ್ನೇಹಿತರಿಗೆ ಕೊಡಬೇಡಿ. ಪ್ರಬಂಧದಲ್ಲಿ ದೋಷವನ್ನು ಪೂರ್ತಿ ವಿವರಿಸಿ, ಆದರೆ ಒಂದೇ ಕ್ಲಿಕ್‌ಗೆ ಬಿಚ್ಚುವ ಟೂಲ್ ಅನ್ನು, ಕೋಡ್ ಹಂಚುವ ತಾಣವಾದ ಗಿಟ್‌ಹಬ್‌ಗೆ ಹಾಕಬೇಡಿ. ಮುರಿಯಲು ಬೇರೆಯವರಿಗೆ ನೆರವಾದರೆ ಅವರ ಹೆಸರು, ವಿಳಾಸ, ಉದ್ದೇಶ ಬರೆದಿಡಬೇಕು ಅಂತ 65ಎ ಹೇಳುತ್ತದೆ. ಡೌನ್‌ಲೋಡ್ ಮಾಡಿದವರದ್ದೆಲ್ಲ ಹೇಗೆ ಬರೆದಿಡ್ತೀರಿ?

ಅಮೆರಿಕದ ಸಮ್ಮೇಳನಕ್ಕೆ ಕಳಿಸುವ ಯೋಚನೆ ಇದ್ದರೆ, ಸಲ್ಲಿಸುವ ಮೊದಲೇ ಕಾಪಿರೈಟ್ ಗೊತ್ತಿರುವ ವಕೀಲರೊಬ್ಬರಿಗೆ ಡ್ರಾಫ್ಟ್ ತೋರಿಸಿ.