ಸೇನೆಯಿಂದ ಕನ್ಸಲ್ಟಿಂಗ್‌ಗೆ ಹೋಗಬೇಕು, ಲೀಡರ್‌ಶಿಪ್ ಒಂದೇ ಸಾಕಾ?

ಪ್ರಶ್ನೆ: ಸೇನೆಯ ಸರಬರಾಜು ವಿಭಾಗದಲ್ಲಿ 14 ವರ್ಷದಿಂದ ಅಧಿಕಾರಿ. ಮುಂದಿನ ವರ್ಷ ಹೊರಗೆ ಬರುತ್ತೇನೆ. ಮ್ಯಾನೇಜ್‌ಮೆಂಟ್ ಕನ್ಸಲ್ಟಿಂಗ್ (ಕಂಪನಿಗಳ ಸಮಸ್ಯೆಗಳಿಗೆ ಸಲಹೆ ಕೊಡುವ ಕೆಲಸ) ಸೇರುವ ಆಸೆ. ಎಂಬಿಎ ಇಲ್ಲ, ಬಿಸಿನೆಸ್ ಅನುಭವವೂ ಇಲ್ಲ. "ಲೀಡರ್‌ಶಿಪ್ ಇದೆಯಲ್ಲ, ಸಾಕು" ಅನ್ನುತ್ತಾರೆ ಸ್ನೇಹಿತರು. ನಿಜವಾ?

ಉತ್ತರ: ಸಾಲದು. ಸೇನೆಯಿಂದ ಬರುವ ಎಲ್ಲರ ರೆಸ್ಯುಮೆಯಲ್ಲೂ ಲೀಡರ್‌ಶಿಪ್ ಇದ್ದೇ ಇರುತ್ತದೆ. ಕನ್ಸಲ್ಟಿಂಗ್ ಕಂಪನಿಗಳು ನೋಡುವುದು ಗೋಜಲಾದ ಸಮಸ್ಯೆಯನ್ನು ಬಿಡಿಸುವ ತಲೆ, ಲೆಕ್ಕದ ಹಿಡಿತ, ಜೊತೆಗೆ ನಿಮ್ಮ ಕೈಕೆಳಗೆ ಇಲ್ಲದವರನ್ನೂ ಒಪ್ಪಿಸುವ ಶಕ್ತಿ.

ಈ ಕೊನೆಯದೇ ನಿಮಗೆ ಕಷ್ಟವಾಗಬಹುದು. ಕ್ಲೈಂಟ್ ಕಂಪನಿಯ ಕಿರಿಯ ಮ್ಯಾನೇಜರ್ ಕೂಡ "ಇದು ನಮ್ಮಲ್ಲಿ ನಡೆಯಲ್ಲ" ಅನ್ನಬಹುದು. ಅವನಿಗೆ ಆರ್ಡರ್ ಕೊಡಲು ನೀವು ಯಾರೂ ಅಲ್ಲ. ಅವನ ಜೊತೆ ಕೂತು, ಅವನದೇ ಅಂಕಿಅಂಶ ತೋರಿಸಿ ಒಪ್ಪಿಸಬೇಕು.

ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರನ್ನೇ ನೋಡಿ. ಬ್ರಿಟಿಷ್ ನೌಕಾಪಡೆಯಲ್ಲಿದ್ದವರು, 1916ರ ಜಟ್ಲೆಂಡ್ ಕದನದಲ್ಲಿ ಹೋರಾಡಿದವರು. ಆಮೇಲೆ ಪಡೆ ಬಿಟ್ಟು ಭೌತವಿಜ್ಞಾನಿಯಾದರು. ಎರಡನೇ ಮಹಾಯುದ್ಧದಲ್ಲಿ ಅದೇ ನೌಕಾಪಡೆಗೆ ಸಲಹೆ ಕೊಡಲು ಬಂದರು. ಸರಕು ಹಡಗುಗಳನ್ನು ಸಣ್ಣ ಗುಂಪುಗಳಲ್ಲಿ ಕಳಿಸುವುದೇ ಸುರಕ್ಷಿತ ಎಂದು ಆಗ ನೌಕಾಪಡೆ ನಂಬಿತ್ತು. ಬ್ಲ್ಯಾಕೆಟ್ ತಂಡ ಲೆಕ್ಕ ಹಾಕಿದಾಗ ತಿಳಿದದ್ದು ಇದು: ಗುಂಪು ದೊಡ್ಡದಾದಷ್ಟು ಶತ್ರುವಿನ ದಾಳಿಗೆ ಮುಳುಗುವ ಹಡಗುಗಳ ಪಾಲು ಕಡಿಮೆ. ಹಡಗುಗಳ ಸಂಖ್ಯೆ ಏರಿದಷ್ಟು ವೇಗವಾಗಿ, ಕಾವಲು ಹಡಗುಗಳು ಕಾಯಬೇಕಾದ ಸುತ್ತಳತೆ ಏರುವುದಿಲ್ಲ. ಬ್ಲ್ಯಾಕೆಟ್ ಕೈಯಲ್ಲಿ ಒಂದು ಹಡಗೂ ಇರಲಿಲ್ಲ, ಆದರೂ ನೌಕಾಪಡೆ ಗುಂಪುಗಳನ್ನು ದೊಡ್ಡದು ಮಾಡಿತು. ಕನ್ಸಲ್ಟೆಂಟ್ ಕೆಲಸ ಇದೇ ಅಲ್ವಾ?

ರೆಸ್ಯುಮೆಯಲ್ಲಿ ಹುದ್ದೆಗಳ ಪಟ್ಟಿ ಬೇಡ. ಏನು ತೊಂದರೆ ಇತ್ತು, ನೀವು ಏನು ಬದಲಾಯಿಸಿದಿರಿ, ಯಾವ ಅಂಕಿ ಎಷ್ಟು ಬದಲಾಯಿತು, ಇಷ್ಟು ಬರೆಯಿರಿ. ಬಿಡಿಭಾಗ ಬರುವುದು ತಡವಾಗಿ ನಿಂತುಹೋಗುತ್ತಿದ್ದ ವಾಹನಗಳನ್ನು ಓಡುವಂತೆ ಮಾಡಿದ್ದರೆ, ಯಾವ ಕಾರ್ಖಾನೆಯವನಿಗೂ ಅದು ತಕ್ಷಣ ಅರ್ಥವಾಗುತ್ತದೆ.

ಆಮೇಲೆ ಕೇಸ್ ಇಂಟರ್‌ವ್ಯೂ. "ಒಂದು ಕಂಪನಿಯ ಲಾಭ ಇಳಿದಿದೆ, ಯಾಕೆ?" ಎಂದು ಕೇಳುತ್ತಾರೆ. ಆದಾಯ ಕುಸಿಯಿತಾ, ಖರ್ಚು ಏರಿತಾ? ಆದಾಯವೇ ಕುಸಿದಿದ್ದರೆ, ಬೆಲೆ ಇಳಿಯಿತಾ, ಮಾರಾಟವಾದ ಸಂಖ್ಯೆಯಾ? ಹೀಗೆ ಒಡೆಯುತ್ತಾ, ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಬೇಕು. ಇಲ್ಲಿ ಸೇನೆಯವರು ಎಡವುವುದುಂಟು. ಅರ್ಧ ಮಾಹಿತಿಯಲ್ಲೇ ನಿರ್ಧರಿಸಿ ನುಗ್ಗುವ ಅಭ್ಯಾಸ ಅಲ್ಲಿ ಜೀವ ಉಳಿಸುತ್ತದೆ, ನಿಜ. ಇಲ್ಲಿ ಮೊದಲ ಊಹೆ ಬೇಗ ಹೇಳಿ, ಆದರೆ ಹೊಸ ಅಂಕಿ ಬಂದೊಡನೆ ಅದನ್ನು ಬಿಡಲು ತಯಾರಿರಿ. ಸುಮ್ನೆ ಓದಿದರೆ ಇದು ಬರುವುದಿಲ್ಲ. ಎದುರು ಒಬ್ಬರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿ.

ಲಾಭ–ನಷ್ಟ ಪಟ್ಟಿ, ಬ್ಯಾಲೆನ್ಸ್ ಶೀಟ್ (ಆಸ್ತಿ–ಸಾಲದ ಪಟ್ಟಿ), ನಗದು ಹರಿವು ಓದಲು ಕಲಿಯಿರಿ. ನಿಮ್ಮ ವಿಭಾಗದವರು ವಿಶೇಷವಾಗಿ ಗಮನಿಸಬೇಕಾದ ಮಾತೊಂದಿದೆ. ಸೇನೆಯಲ್ಲಿ ದಾಸ್ತಾನು ಕಡಿಮೆಯಾದರೆ ಅನಾಹುತ, ಜಾಸ್ತಿ ಇದ್ದರೆ ನೆಮ್ಮದಿ. ಕಂಪನಿಯಲ್ಲಿ ಗೋದಾಮಿನಲ್ಲಿ ಬಿದ್ದಿರುವ ಸರಕು ಅಂದರೆ ಸಿಕ್ಕಿಹಾಕಿಕೊಂಡ ದುಡ್ಡು. ನಿಮ್ಮ ಪರಿಣತಿಯನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿ.

ಎಂಬಿಎ ಕಡ್ಡಾಯವಲ್ಲ. ಈ ಕ್ಷೇತ್ರದ ದೊಡ್ಡ ಕಂಪನಿಗಳಾದ ಮೆಕಿನ್ಸಿ, ಬಿಸಿಜಿ, ಬೇನ್ ಮೂರರಲ್ಲೂ ಸೇನೆಯಿಂದ ಬಂದವರಿದ್ದಾರೆ. ಆದರೆ ಇವುಗಳ ನೇಮಕಾತಿ ಬಹಳಷ್ಟು ಕಾಲೇಜು ಕ್ಯಾಂಪಸ್‌ನಲ್ಲೇ ನಡೆಯುವುದರಿಂದ ಎಂಬಿಎ ಒಂದು ಸುಲಭದ ಬಾಗಿಲು, ಅಷ್ಟೇ. ಪೂರೈಕೆ ಸರಪಳಿಯ ಕೆಲಸವನ್ನೇ ಮಾಡುವ ಸಣ್ಣ ಸಂಸ್ಥೆಗಳಿಗೆ ನಿಮ್ಮಂಥವರು ಇನ್ನೂ ಬೇಗ ಬೇಕಾಗಬಹುದು. ಎಲ್ಲಿ ಸೇರಿದರೂ ಮೊದಲ ಬಾಸ್ ನಿಮಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ನಿಮ್ಮ ಸ್ಲೈಡನ್ನು ಅವರು ಮೂರು ಸಲ ತಿದ್ದಿಸಬಹುದು. ಇದನ್ನು ನಗುನಗುತ್ತಾ ತಡೆದುಕೊಳ್ಳಲು ಆಗುತ್ತದಾ ಎಂದು ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ. ಆಗದಿದ್ದರೆ ಯಾವುದಾದರೂ ಕಂಪನಿಯ ಆಪರೇಷನ್ಸ್ ಹುದ್ದೆ ನಿಮಗೆ ಹೆಚ್ಚು ಹಿಡಿಸೀತು. ಅದೇನೂ ಕಡಿಮೆಯ ಕೆಲಸವಲ್ಲ.

ಇನ್ನೊಬ್ಬ ಓದುಗರ ಪ್ರಶ್ನೆ: ಸಂದರ್ಶನದಲ್ಲಿ ಕಾರ್ಯಾಚರಣೆಗಳ ಬಗ್ಗೆ ಕೇಳಿದರೆ ಎಷ್ಟು ಹೇಳಬಹುದು?

ಉತ್ತರ: ಜಾಗ, ಪಡೆಯ ಸಂಖ್ಯೆ, ಉಪಕರಣದ ವಿವರ ಬೇಡ. "ರಿಪೇರಿ ಸಮಯ ಅರ್ಧಕ್ಕಿಳಿಯಿತು" ಎನ್ನುವಂಥ ಮಾತುಗಳಲ್ಲಿ ಉತ್ತರಿಸಿ. ಆ ಅಂಕಿಯನ್ನೂ ಹೊರಗೆ ಹೇಳಬಹುದೇ ಎಂದು ಸಂಬಂಧಪಟ್ಟ ಕಚೇರಿಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಸೇನೆ ಬಿಟ್ಟ ಕೂಡಲೇ ರಕ್ಷಣಾ ವಲಯದ ಕಂಪನಿಗಳ ಜೊತೆ ಕೆಲಸ ಮಾಡಲು ಅನೇಕ ದೇಶಗಳಲ್ಲಿ ನಿರ್ಬಂಧ ಇದೆ. ಆಫರ್‌ಗೆ ಸಹಿ ಹಾಕುವ ಮುಂಚೆ ಅದನ್ನೂ ವಿಚಾರಿಸಿ.