ಗೊರೂರು ಹಿನ್ನೀರಿನ ಹಳೇ ಹಾಯಿದೋಣಿ, ಬಾಗುವ ಮಾಸ್ಟ್: ಪ್ರತಿಕ್ರಿಯೆ

ನಿಮ್ಮ ದೋಣಿಯ ಮಾಸ್ಟ್ (ಹಾಯಿ ಕಟ್ಟುವ ಕಂಬ) ಯಾಕೆ ಬಾಗುತ್ತದೆ ಅಂತ ಕೇಳಿದ್ದೀರಿ. ಬಲಗಡೆಯ ಮೇಲಿನ ಶ್ರೌಡ್ ವೈರ್, ಅಂದರೆ ಮಾಸ್ಟ್‌ನ ಮೇಲ್ಭಾಗವನ್ನು ಬದಿಯಿಂದ ಹಿಡಿದಿಡುವ ತಂತಿ, ಸಡಿಲ ಇರಬೇಕು. ಗಾಳಿ ಬಲದಿಂದ ಬಂದಾಗ ಮಾತ್ರ ಮಾಸ್ಟ್‌ನ ತುದಿ ಎಡಕ್ಕೆ ಬಾಗುತ್ತದೆ, ಎಡದಿಂದ ಬಂದಾಗ ನೆಟ್ಟಗಿರುತ್ತದೆ ಅಂದಿದ್ದೀರಿ, ಅಲ್ವಾ? ಮಾಸ್ಟೇ ಕೆಟ್ಟಿದ್ದರೆ ಎರಡೂ ಕಡೆ ತೊಂದರೆ ಕಾಣುವುದು ಜಾಸ್ತಿ.

ದಡದಲ್ಲೇ, ಗಾಳಿ ಇಲ್ಲದ ಬೆಳಿಗ್ಗೆ ಶುರು ಮಾಡಿ. ಮೊದಲು ವೈರ್ ನೋಡಿ: ಹಳೇ ಬಟ್ಟೆಯಿಂದ ಒರೆಸುತ್ತಾ ಹೋಗಿ, ಎಲ್ಲಾದರೂ ನೂಲು ಸಿಕ್ಕಿಕೊಂಡರೆ ಅಲ್ಲಿ ಎಳೆ ಕಡಿದಿದೆ, ಆ ವೈರ್ ಬದಲಾಯಿಸಲೇಬೇಕು. ಹಾಸನದ ಹಾರ್ಡ್‌ವೇರ್ ಅಂಗಡಿಯ ಜಿಐ ತಂತಿ ಬೇಡ, 1×19 (ಹತ್ತೊಂಬತ್ತು ಎಳೆ ಸೇರಿಸಿ ಹೊಸೆದ) ಸ್ಟೇನ್‌ಲೆಸ್ ವೈರ್ ತರಿಸಿ.

ವೈರ್ ಸರಿ ಇದ್ದರೆ ಎಲ್ಲವನ್ನೂ ಕೈಬಿಗಿತಕ್ಕೆ ಸಡಿಲಿಸಿ. ಹಾಯಿ ಏರಿಸುವ ಹಗ್ಗಕ್ಕೆ ಸ್ಟೀಲ್ ಟೇಪ್ ಕಟ್ಟಿ ಮೇಲಕ್ಕೆಳೆದು, ಎರಡೂ ಬದಿಯ ಚೈನ್‌ಪ್ಲೇಟ್‌ಗೆ (ಶ್ರೌಡ್‌ನ ಬುಡವನ್ನು ದೋಣಿಗೆ ಸಿಕ್ಕಿಸುವ ಪಟ್ಟಿ) ಅಳೆಯಿರಿ. ಅಳತೆ ಒಂದೇ ಆಗುವವರೆಗೆ ಮೇಲಿನ ಶ್ರೌಡ್ ಹೊಂದಿಸಿ, ಆಮೇಲೆ ಎರಡೂ ಕಡೆಯ ಟರ್ನ್‌ಬಕಲ್ (ವೈರ್ ಬಿಗಿಸುವ ತಿರುಪು) ಸಮ ಸುತ್ತು ಬಿಗಿಯಿರಿ. ಮಾಸ್ಟ್‌ನ ನಡುಭಾಗವನ್ನು ಹಿಡಿಯುವ ಕೆಳಗಿನ ಶ್ರೌಡ್ ಕೊನೆಗೆ. ಮಾಸ್ಟ್‌ನ ಬುಡದಲ್ಲಿ ಕಣ್ಣಿಟ್ಟು ಹಾಯಿಯ ಅಂಚು ಜಾರುವ ಸೀಳಿನುದ್ದಕ್ಕೂ ಮೇಲೆ ನೋಡಿದರೆ ಡೊಂಕು ಗೊತ್ತಾಗುತ್ತದೆ.

ಸಾಧಾರಣ ಗಾಳಿಯಲ್ಲಿ ಓಡಿಸಿ ನೋಡಿ. ಗಾಳಿ ತಾಗದ ಬದಿಯ ವೈರ್ ಸ್ವಲ್ಪ ಸಡಿಲಾಗಬಹುದು, ಜೋತಾಡಬಾರದು. ಜೋತಾಡಿದರೆ ಅದನ್ನೇ ಒಂದೆರಡು ಸುತ್ತು ಬಿಗಿದು, ದೋಣಿ ತಿರುಗಿಸಿ ಇನ್ನೊಂದು ಬದಿಗೂ ಅಷ್ಟೇ ಸುತ್ತು ಕೊಡಿ.

ಒಂದು ಅನುಮಾನ ಇದೆ, ಫೋಟೋ ನೋಡದೆ ಖಚಿತ ಹೇಳಲಾರೆ. ಎಷ್ಟು ಬಿಗಿದರೂ ವೈರ್ ಬಿಗಿಯಾಗದಿದ್ದರೆ ಮಾಸ್ಟ್ ಕೆಳಗಿನ ಡೆಕ್ (ದೋಣಿಯ ಮೇಲ್ಹಾಸು) ಕುಸಿಯುತ್ತಿರಬಹುದು. ಆಗ ಸುಮ್ನೆ ಬಿಗಿಯುತ್ತಾ ಹೋಗಬೇಡಿ, ಮೊದಲು ಡೆಕ್ ರಿಪೇರಿ ಮಾಡಿಸಿ. ಎಲ್ಲ ಸರಿ ಬಂದರೆ ಟರ್ನ್‌ಬಕಲ್‌ಗಳಿಗೆ ಪಿನ್ ಹಾಕಿ ಟೇಪ್ ಸುತ್ತಿ. ಪಿನ್ ಇಲ್ಲದೆ ಮಳೆಗಾಲದ ಪಡುವಣ ಗಾಳಿಗೆ ದೋಣಿ ಇಳಿಸಬೇಡಿ.